ಓದೋರಿಗೂ ನಮಸ್ಕಾರ

ಟೈಲರ್ ಅತ್ತೆಯ ಮೆಸೇಜೆಂದರೆ ಮೊದಲ ಸಾಲು ‘ಓದೋರಿಗೂ ನಮಸ್ಕಾರ’. ಮೋಸಗಾರರನ್ನು ಹಿಡಿಯಲು ಇನ್ನು ಎಲ್ಲರ ಮೆಸೇಜನ್ನೂ ಯಂತ್ರವೊಂದು ಓದುತ್ತದೆ ಎಂದು ಫೋನು ತಿಳಿಸಿದಂದಿನಿಂದ ಹೀಗೆ. ತಮ್ಮ ಮಂಡಿನೋವು, ಗಂಡನ ಗೊರಕೆ, ನಾದಿನಿಯ ಮೇಲಿನ ಸಿಟ್ಟು ಎಲ್ಲವನ್ನೂ ಬರೆದು, ‘ನೀವೇ ಹೇಳಿ, ತಪ್ಪು ಯಾರದ್ದು?’ ಎಂದು ಯಂತ್ರವನ್ನೇ ಪಂಚಾಯಿತಿಗೆ ಕರೆಯುತ್ತಾರೆ. “ಕಳ್ಳರು ಸಿಗೋದಾದ್ರೆ ಓದ್ಕೊಳ್ಲಿ ಬಿಡು, ನನ್ನ ಗಂಟೇನು ಹೋಗುತ್ತೆ?” ಎನ್ನುತ್ತಾರೆ. ಆದರೆ ಗಿರಾಕಿಗಳ ಅಳತೆಯನ್ನು ಮಾತ್ರ ಜಪ್ಪಯ್ಯ ಅಂದರೂ ಫೋನಿನಲ್ಲಿ ಬರೆಯುವುದಿಲ್ಲ: “ಅದು ನನ್ನದಲ್ಲಮ್ಮ, ಅವರ ಮೈಯದ್ದು.” ಮೊನ್ನೆ, ಅಣ್ಣನ ಹೊಸದಾಗಿ ಮದುವೆಯಾದ ಮಗಳ ಸೊಂಟಕ್ಕೆ ಟೇಪು ಸುತ್ತಿದ ಅತ್ತೆಯ ಕಣ್ಣರಳಿತು: ಮದುವೆಯ ರವಿಕೆಯ ಅಳತೆಗಿಂತ ಎರಡಿಂಚು ಹೆಚ್ಚು. ಆ ದಿನ ಅಣ್ಣನಿಗೆ ಹೋದ ಮೆಸೇಜಿನಲ್ಲಿ ಬರೀ ಗೊರಕೆಯ ಪುರಾಣ. ಹುಡುಗಿಯ ಕಿವಿಯಲ್ಲಿ ಮಾತ್ರ ಪಿಸುಗುಟ್ಟಿದ್ದರು: “ಇಬ್ಬರಿಗೂ ಆಗೋ ಹಾಗೆ ಹೊಲಿಗೆ ಒಳಗೆ ಹೆಚ್ಚಿಗೆ ಬಟ್ಟೆ ಬಿಟ್ಟಿರ್ತೀನಿ ಕಣೆ. ನೀನಾಗಿ ಹೇಳೋವರೆಗೂ ನಾನು ಟೇಪೇ ಮುಟ್ಟಿಲ್ಲ.”