ಆರ್ಡಿಸ್ ಬೇಕು ಅಂದ ದಿನ

ಎಲ್ಸ್‌ಬಿಯ ಶಾಲಾ ಬಸ್ಸನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಓಡಿಸಿದ ಆರ್ಡಿಸ್ ಹಾಗನ್‌ಗೆ ವ್ಯಾಪಾರದ ಹುಚ್ಚು ಹಿಡಿದದ್ದು ಆ ಬಸ್ಸಿನಲ್ಲೇ. ಬೆಳಗ್ಗೆ ಮಕ್ಕಳನ್ನು ಇಳಿಸಿ ಖಾಲಿ ಬಸ್ಸನ್ನು ವಾಪಸು ತರುವಾಗ ಬೇರೆ ಡ್ರೈವರುಗಳು ಹಾಡು ಕೇಳುತ್ತಿದ್ದರು. ಈಕೆ ಮಾತ್ರ ಲೈಬ್ರರಿಯಿಂದ ತಂದ ಸಿ.ಡಿ. ಹಾಕಿಕೊಂಡು, ಗೆದ್ದ ವ್ಯಾಪಾರಿಗಳು ತಮ್ಮ ಕಥೆಯನ್ನು ತಾವೇ ಓದುವುದನ್ನು ಕೇಳುತ್ತಿದ್ದಳು. ಕಾರಿನ ಡಿಕ್ಕಿಯಲ್ಲಿ ಬೂಟು ಇಟ್ಟುಕೊಂಡು ಮಾರಿದವನು, ಮೂರು ಸಲ ಮುಳುಗಿ ನಾಲ್ಕನೇ ಸಲ ತೇಲಿದವಳು, ಷೇರಿನ ಗುಟ್ಟು ಹೇಳುವ ಹಟಮಾರಿ ಮುದುಕ, ಎಲ್ಲರೂ ಆ ಹಳದಿ ಬಸ್ಸಿನಲ್ಲಿ ನಮ್ಮ ಮಿನೆಸೋಟದ ಜೋಳದ ಹೊಲಗಳ ನಡುವೆ ಓಡಾಡಿದವರೇ.

ಮನೆಗೆ ಬಂದರೆ ಗಂಡ ಲೊವೆಲ್‌ಗೆ ಪಾಠ ಶುರು. ಲೊವೆಲ್ ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದವನು. ಮಾತು ಕಡಿಮೆ, ಆದರೆ ಆಡಿದರೆ ಚುಚ್ಚದೆ ಬಿಡುವವನಲ್ಲ. ಊಟಕ್ಕೆ ಕೂರುವಾಗ, ಇವತ್ತು ನಿನ್ನ ಮುದುಕ ಏನಂದ, ಎಂದು ಕೇಳುತ್ತಿದ್ದ. ಅರ್ಥವಾಗದ ಕಂಪನಿಯ ಷೇರು ಮುಟ್ಟಬೇಡಿ, ಅರ್ಥವಾದದ್ದನ್ನು ಕೊಂಡು ಸುಮ್ಮನೆ ಕೂತುಬಿಡಿ ಅಂದ, ಎಂದು ಆರ್ಡಿಸ್ ಹೇಳುವಳು. ಸುಮ್ಮನೆ ಕೂರುವ ಕೆಲಸವಾದರೆ ತನಗೂ ಬರುತ್ತದೆ ಎಂದು ಲೊವೆಲ್ ಆಲೂಗೆಡ್ಡೆಗೆ ಬೆಣ್ಣೆ ಸವರಿಕೊಳ್ಳುವನು. ಆದರೆ ಆರ್ಡಿಸ್ ಹಾಗೇ ಮಾಡಿದಳು. ಬಸ್ಸಿನ ಟೈರು ಮಾಡುವವರು, ಹೊಲದ ಯಂತ್ರ ಮಾಡುವವರು, ದಿನಾ ಕಣ್ಣೆದುರು ಇದ್ದ ಕಂಪನಿಗಳ ಷೇರನ್ನು ಸಂಬಳದಲ್ಲಿ ಉಳಿಸಿ ಉಳಿಸಿ ಕೊಂಡಳು, ಮಾರುಕಟ್ಟೆ ಬಿದ್ದಾಗ ಊರೆಲ್ಲ ಗಾಬರಿಯಾದರೂ ಅಲ್ಲಾಡದೆ ಕೂತಳು. ಬಸ್ಸು ಬಿಟ್ಟ ವರ್ಷ ಆ ದುಡ್ಡಿನಲ್ಲೇ ನಾಲ್ಕು ರಸ್ತೆ ಕೂಡುವ ಕಡೆ ಮುಚ್ಚಿಹೋಗಿದ್ದ ಪೆಟ್ರೋಲ್ ಬಂಕಿನಲ್ಲಿ ಹಣ್ಣಿನ ಹೂರಣ ತುಂಬಿ ಬೇಯಿಸುವ ಪೈಗಳ ಅಂಗಡಿ ತೆರೆದಳು.

ಅವಳ ಕೈರುಚಿ ಎಂಥದ್ದೆಂದು ಲೂಥರನ್ ಚರ್ಚಿನ ನೆಲಮಾಳಿಗೆಯ ಊಟದ ಕೂಟಗಳಲ್ಲಿ ಉಂಡವರಿಗೆಲ್ಲ ಗೊತ್ತಿತ್ತು. ಸೇಬಿನ ಪೈ, ಚೆರ್ರಿ ಪೈ, ಎಲ್ಲಕ್ಕಿಂತ ಹೆಚ್ಚಾಗಿ ರೂಬಾರ್ಬ್ ಎಂಬ ಕೆಂಪು ಹುಳಿದಂಟಿನ ಪೈ. ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಹೊರಗೆ ಹಿಮದಲ್ಲಿ ಕಾಲು ಕುಟ್ಟುತ್ತ ಜನ ನಿಂತಿರುತ್ತಿದ್ದರು. ಬಂಕಿನ ಒಲೆ ಚಿಕ್ಕದು, ನಿಲ್ಲಲು ಜಾಗವಿಲ್ಲ. ಆರ್ಡಿಸ್‌ಳ ಕಣ್ಣು ಇದ್ದದ್ದು ಮುಖ್ಯ ಬೀದಿಯ ವರ್ಲಿನ್ ಮೋನ ಹಾರ್ಡ್‌ವೇರ್ ಅಂಗಡಿಯ ಮೇಲೆ. ವರ್ಲಿನ್ ವ್ಯಾಪಾರ ನಿಲ್ಲಿಸಿ ಮೂರು ವರ್ಷವಾಗಿತ್ತು. ಬಾಡಿಗೆಗೆ ಎಂಬ ಹಲಗೆ ಬಿಸಿಲಿಗೆ ಬಣ್ಣ ಕಳೆದುಕೊಂಡಿತ್ತು. ಆರ್ಡಿಸ್ ಆ ಗಾಜಿಗೆ ಮೂಗು ಒತ್ತಿ ಒಳಗಿನ ಉದ್ದನೆಯ ಕೌಂಟರನ್ನು ನೋಡುತ್ತ ನಿಂತುಬಿಡುತ್ತಿದ್ದಳು. ಒಲೆಗಳು ಎಲ್ಲಿ, ಮೇಜುಗಳು ಎಲ್ಲಿ, ಎಲ್ಲ ಮನಸ್ಸಿನಲ್ಲೇ ಜೋಡಿಸಿಟ್ಟಾಗಿತ್ತು.

ಆದರೂ ಕೈ ಹಾಕಲಿಲ್ಲ. ಅಡ್ಡ ಬಂದದ್ದು ರೋಸಾನ್ ಡಿಮಾರ್ಕೊ. ನ್ಯೂಜೆರ್ಸಿಯ ಹಡಗುಕಟ್ಟೆಯ ಬಾಗಿಲಲ್ಲಿ ತಳ್ಳುಗಾಡಿಯಲ್ಲಿ ಬ್ರೆಡ್ಡು ಮಾರುತ್ತಿದ್ದ ಹೆಂಗಸು, ಈಗ ಹತ್ತಾರು ನಗರಗಳಲ್ಲಿ ಅವಳ ಬೇಕರಿಗಳಿವೆ. ಅವಳು ಬರೆದ ಪುಸ್ತಕ ಆರ್ಡಿಸ್‌ಗೆ ಬೈಬಲ್ಲಿನ ಪಕ್ಕ ಇಡುವಂಥದ್ದು. ಅದರಲ್ಲಿ ಒಂದು ಮಾತಿತ್ತು: ಬಾಗಿಲು ಹಾಕುವ ಹೊತ್ತಿಗೆ ಕಪಾಟು ಬರಿದಾಗದ ಅಂಗಡಿಯನ್ನು ದೊಡ್ಡದು ಮಾಡಬೇಡಿ, ಉಳಿದದ್ದು ಜನರಿಗೆ ಬೇಡವಾದದ್ದು.

ಆರ್ಡಿಸ್‌ಳ ಕಪಾಟು ಬರಿದಾಗುತ್ತಿರಲಿಲ್ಲ. ಪ್ರತಿ ಸಂಜೆ ಪ್ರತಿ ತಟ್ಟೆಯಲ್ಲಿ ಒಂದು ತುಂಡು ಉಳಿದಿರುತ್ತಿತ್ತು. ಬೆಳಗ್ಗೆ ಮುಗಿಬಿದ್ದ ಜನ ಮಧ್ಯಾಹ್ನದ ಹೊತ್ತಿಗೆ ಅದರ ಮುಂದೆ ನಿಂತು, ನೋಡಿ, ಕಾಫಿ ಮಾತ್ರ ಕುಡಿದು ಹೋಗುತ್ತಿದ್ದರು. ಅವಳು ಸಕ್ಕರೆ ಕಡಿಮೆ ಮಾಡಿ ನೋಡಿದಳು, ಉಳಿಯಿತು. ತಟ್ಟೆಗಳನ್ನು ಬಾಗಿಲ ಹತ್ತಿರ ಇಟ್ಟಳು, ಉಳಿಯಿತು. ಪೈಗಳನ್ನು ಅರ್ಧಕ್ಕರ್ಧ ಇಳಿಸಿದಳು. ಹನ್ನೊಂದು ಗಂಟೆಗೇ ಎಲ್ಲ ಮುಗಿದು, ಒಂದೊಂದು ತುಂಡು ಸಂಜೆಯ ತನಕ ಅವಳ ಮುಖ ನೋಡುತ್ತ ಕೂತಿತು. ತನ್ನ ಕೈಯಲ್ಲೇ ಏನೋ ಕೊರತೆ ಇದೆ ಎಂದು ಅವಳಿಗೆ ಖಾತ್ರಿಯಾಯಿತು, ದುಃಖವೂ ಆಯಿತು. ಆ ತುಂಡುಗಳನ್ನು ಮುಗಿಸುವ ಭಾರ ಲೊವೆಲ್‌ನದು. ಎರಡು ಸಲ ಬೇಡ ಎಂದು, ಮೂರನೇ ಸಲಕ್ಕೆ, ಹಾಳಾಗುತ್ತದಲ್ಲ ಎಂದು ಉಪಕಾರ ಮಾಡುವವನ ಹಾಗೆ ತಿನ್ನುತ್ತಿದ್ದ.

ಜನವರಿಯ ಒಂದು ಮಂಗಳವಾರ ವರ್ಲಿನ್ ಮೋ ಕಾಫಿಗೆ ಬಂದ. ಚಳಿಯ ಮಾತಾಯಿತು, ಕೆರೆಯ ಮಂಜುಗಡ್ಡೆ ಎಷ್ಟು ದಪ್ಪ ಕಟ್ಟಿದೆ ಎಂಬ ಮಾತಾಯಿತು, ಎದ್ದು ಕೋಟು ಹಾಕಿಕೊಂಡ ಮೇಲೆ ಬಂದ ವಿಷಯ ಹೊರಗೆ ಬಂತು. ನಗರದ ಯಾವುದೋ ಕಂಪನಿಯವರು ಅವನ ಅಂಗಡಿಯನ್ನು ಗೋದಾಮಿಗೆ ಕೇಳುತ್ತಿದ್ದಾರಂತೆ. ಗಾಜಿಗೆಲ್ಲ ಕಾಗದ ಅಂಟಿಸಿ ಮುಚ್ಚುತ್ತಾರಂತೆ. ಶುಕ್ರವಾರ ಸಂಜೆಯೊಳಗೆ ಫೋನ್ ಮಾಡಿ ಹೂಂ ಅನ್ನಬೇಕಂತೆ.

"ಊರಲ್ಲಿ ಬೇರೆ ಯಾರಿಗಾದ್ರೂ ಬೇಕಿತ್ತೇನೋ ಅಂತ ಸುಮ್ನೆ ಹೇಳ್ತಾ ಇದೀನಿ ಅಷ್ಟೆ," ಅಂದ ವರ್ಲಿನ್, ಗ್ಲೌಸು ನೋಡುತ್ತ.

ಆರ್ಡಿಸ್‌ಗೆ ಬೇಕೇ ಬೇಕಿತ್ತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು, "ಒಳ್ಳೇದಾಯ್ತು ಬಿಡು ವರ್ಲಿನ್. ಪಾಪ, ಅವರಿಗೂ ಜಾಗ ಬೇಕಲ್ವಾ," ಅಂದಿತು. ಅವನು ತಲೆಯಾಡಿಸಿ ಹೋದ. ಇವಳು ಅಡುಗೆಮನೆಗೆ ಹೋಗಿ ಹಿಟ್ಟನ್ನು ಯಾವ ಪರಿ ಗುದ್ದಿದಳೆಂದರೆ, ಆ ದಿನದ ಪೈಗಳ ಗಟ್ಟಿ ಹೊರಪದರ ಹಲ್ಲಿಗೆ ಸಿಕ್ಕಿದವರೆಲ್ಲ ಮೌನವಾಗಿ ಅಗಿದರು.

ಅದೇ ಶುಕ್ರವಾರ ಮಧ್ಯಾಹ್ನ ಜಿಲ್ಲಾ ಲೈಬ್ರರಿಗೆ ಸಾಕ್ಷಾತ್ ರೋಸಾನ್ ಡಿಮಾರ್ಕೊ ಭಾಷಣಕ್ಕೆ ಬರುವವಳಿದ್ದಳು. ಪೈ ತರಬೇಕೆಂದು ಲೈಬ್ರರಿಯ ಫಿಲಿಸ್ ಹೇಳಿಕಳಿಸಿದ್ದಳು. ಆರ್ಡಿಸ್‌ಗೆ ಹಿಂದಿನ ರಾತ್ರಿ ನಿದ್ದೆಯೇ ಇಲ್ಲ. ಅಂಗಡಿ ಕೈತಪ್ಪುವ ದಿನವೇ ಗುರುದರ್ಶನ. ಲೊವೆಲ್‌ನ ಪಿಕಪ್ಪಿನಲ್ಲಿ ಪೈಗಳನ್ನು ಮಡಿಲಲ್ಲಿಟ್ಟುಕೊಂಡು ಹೊರಟಳು. ಏನಾದರೂ ಮಾತಾಡಬಹುದಾ, ಕೈ ಕುಲುಕಬಹುದಾ ಎಂದು ದಾರಿಯುದ್ದಕ್ಕೂ ಕೇಳಿದ್ದೇ ಕೇಳಿದ್ದು. ಅವಳೇನು ಕಚ್ಚುವುದಿಲ್ಲ ಎಂದ ಲೊವೆಲ್.

ಸಭೆಯಲ್ಲಿ ನಮ್ಮವರು ಯಥಾಪ್ರಕಾರ ಹಿಂದಿನ ಸಾಲುಗಳಿಂದ ತುಂಬಿಕೊಂಡು ಮುಂದಿನ ಮೂರು ಸಾಲು ಖಾಲಿ ಬಿಟ್ಟಿದ್ದರು. ಡಿಮಾರ್ಕೊ ಕುಳ್ಳಗಿದ್ದಳು, ಗಂಟಲು ಮಾತ್ರ ಹಡಗುಕಟ್ಟೆಯದ್ದೇ. ಮೈಕನ್ನು ಪಕ್ಕಕ್ಕಿಟ್ಟು, ತಾನೇ ಇಳಿದು ಹಿಂದಿನ ಸಾಲಿನ ತನಕ ಬಂದು, ಮೊದಲ ಗಾಡಿಯ ಚಕ್ರ ಮುರಿದದ್ದು, ಬ್ಯಾಂಕಿನವನು ನಕ್ಕದ್ದು, ಅವನಿಗೇ ಆಮೇಲೆ ಬ್ರೆಡ್ಡು ಮಾರಿದ್ದು, ಎಲ್ಲ ಕೈಬೀಸಿ ಬೀಸಿ ಹೇಳಿದಳು. ಆರ್ಡಿಸ್‌ಳ ಕೆನ್ನೆ ಕೆಂಪಾಯಿತು, ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಸ್ಸಿನಲ್ಲಿ ಕೇಳಿದ್ದ ದನಿ ಈಗ ಮುಟ್ಟುವಷ್ಟು ಹತ್ತಿರದಲ್ಲಿತ್ತು.

ಭಾಷಣ ಮುಗಿದು ಪೈಗಳ ಸರದಿ ಬಂತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತಟ್ಟೆಗಳು ಬರಿದಾದವು. ಬರಿದಾದವು ಎಂದರೆ, ಒಂದೊಂದರಲ್ಲಿ ಒಂದೊಂದು ತುಂಡು ಬಿಟ್ಟು. ಜನ ಮೇಜಿನ ಸುತ್ತ ಕೈಕಟ್ಟಿ ನಿಂತರು. ಫಿಲಿಸ್ ಚಾಕು ಎತ್ತಿ ರೂಬಾರ್ಬಿನ ತುಂಡನ್ನು ಅರ್ಧ ಮಾಡಿ, ಅರ್ಧ ಮಾತ್ರ ತನ್ನ ತಟ್ಟೆಗೆ ಹಾಕಿಕೊಂಡಳು. ಅವಳ ಹಿಂದೆ ಬಂದ ಔಷಧಿ ಅಂಗಡಿಯವನು ಉಳಿದ ಅರ್ಧದಲ್ಲಿ ಅರ್ಧ ಕತ್ತರಿಸಿಕೊಂಡ. ಮತ್ತೊಬ್ಬಳು ಅದರಲ್ಲೂ ಅರ್ಧ. ಕೊನೆಗೆ ಉಗುರಿನಷ್ಟು ಚೂರು ತಟ್ಟೆಯಲ್ಲಿ ನಿಂತಿತು. ಅದನ್ನು ಯಾರೂ ಮುಟ್ಟಲಿಲ್ಲ.

ಡಿಮಾರ್ಕೊ ಬಾಯಿ ತೆರೆದುಕೊಂಡು ಇದನ್ನೆಲ್ಲ ನೋಡುತ್ತಿದ್ದಳು. ಆಮೇಲೆ ಸೀದಾ ಹೋಗಿ ಚೆರ್ರಿ ತಟ್ಟೆಯ ಕೊನೆಯ ತುಂಡನ್ನು ಕೈಯಲ್ಲೇ ಎತ್ತಿ ಪೂರ್ತಿ ತಿಂದಳು. ಬೆರಳು ಚೀಪುತ್ತ, ಇದನ್ನು ಮಾಡಿದವರು ಯಾರು, ಇನ್ನೂ ಇದೆಯಾ ಎಂದು ಕೇಳಿದಳು. ಎಲ್ಲರೂ ಆರ್ಡಿಸ್ ಕಡೆ ನೋಡಿದರು. ಆರ್ಡಿಸ್ ಇದ್ದಬದ್ದ ಧೈರ್ಯವನ್ನೆಲ್ಲ ಕೂಡಿಸಿ, ಕೈ ಕುಲುಕುವುದನ್ನೂ ಮರೆತು, ತನ್ನ ಕಷ್ಟವನ್ನೇ ಮುಂದಿಟ್ಟಳು. ನಿಮ್ಮ ಮಾತಿನ ಪ್ರಕಾರ ಕಪಾಟು ಬರಿದಾಗಬೇಕು, ನನ್ನದು ಆಗುತ್ತಿಲ್ಲ, ಪ್ರತಿ ತಟ್ಟೆಯಲ್ಲೂ ಒಂದು ತುಂಡು ಉಳಿಯುತ್ತದೆ.

"ಎಷ್ಟು ಮಾಡಿದ್ರೂ ಒಂದೇನಾ?"

"ಒಂದೇ, ಮೇಡಂ."

"ಕಮ್ಮಿ ಮಾಡಿದಾಗ್ಲೂ?"

"ಆಗ್ಲೂ ಒಂದೇ."

ಡಿಮಾರ್ಕೊ ಆ ಉಗುರಿನಷ್ಟು ಚೂರನ್ನು ನೋಡಿದಳು, ಕೈಕಟ್ಟಿ ನಿಂತ ನಮ್ಮವರನ್ನು ನೋಡಿದಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ತಾಯಿ, ಆ ಮಾತು ನಾನು ಬರ್ದಿದ್ದು ನಮ್ಮೂರವರನ್ನ ನೋಡಿ. ನಮ್ಮಲ್ಲಿ ಕೊನೇ ತುಂಡಿಗೆ ಅಣ್ಣತಮ್ಮಂದಿರು ಹೊಡೆದಾಡ್ತಾರೆ. ಅಲ್ಲಿ ಉಳೀತು ಅಂದ್ರೆ ನಾಯಿಗೂ ಬೇಡ ಅಂತ. ಇಲ್ಲಿ ಉಳಿದ್ರೆ ಏನರ್ಥ? ಅದನ್ನ ನೀವೇ ಹೇಳ್ಬೇಕು."

ಆರ್ಡಿಸ್ ತನ್ನನ್ನೇ ನೆನೆದುಕೊಂಡಳು. ಹುಟ್ಟಿದಾಗಿನಿಂದ ತಾನೂ ಎಷ್ಟು ತಟ್ಟೆಗಳಲ್ಲಿ ಕೊನೆಯದನ್ನು ಸಂಕೋಚಕ್ಕೆ ಬಿಟ್ಟು ಎದ್ದಿದ್ದಾಳೆ, ಪ್ರತಿ ಸಲವೂ ಬಾಯಲ್ಲಿ ನೀರೂರುತ್ತಿದ್ದರೂ.

"ಎಲ್ಲರಿಗೂ ಬೇಕು ಅಂತ," ಅಂದಳು.

ಆಮೇಲೆ ಅವಳು ಅಲ್ಲಿ ನಿಲ್ಲಲಿಲ್ಲ. ತಟ್ಟೆಗಳನ್ನೂ ಬಿಟ್ಟು ಲೊವೆಲ್‌ನ ತೋಳು ಹಿಡಿದೆಳೆದುಕೊಂಡು ಹೊರಗೆ ಬಂದಳು. ಸಂತೋಷಕ್ಕೆ ಪಿಕಪ್ಪಿನಲ್ಲಿ ಕೂತಲ್ಲೇ ಕುಣಿದಳು. ತನ್ನ ಕೈಯಲ್ಲಿ ಕೊರತೆಯಿಲ್ಲ, ಅಂಗಡಿಯ ಪೈಗಳೆಲ್ಲ ದಿನಾ ಪೂರ್ತಿ ಮಾರಾಟವಾಗುತ್ತಲೇ ಇದ್ದವು. ಇವತ್ತಿಗೂ ಡಿಮಾರ್ಕೊಳ ಮಾತು ಸುಳ್ಳೇನಲ್ಲ, ಅದನ್ನು ಎಲ್ಸ್‌ಬಿಯ ಲೆಕ್ಕಕ್ಕೆ ತಿರುಗಿಸಿಕೊಳ್ಳಬೇಕಿತ್ತು, ಇಷ್ಟು ವರ್ಷ ಪಾಠ ಕೇಳಿ ಇಷ್ಟೂ ಹೊಳೆಯಲಿಲ್ಲವಲ್ಲ ಎಂದು ಹಣೆ ಹಣೆ ಬಡಿದುಕೊಂಡಳು. ಮುಖ್ಯ ಬೀದಿಗೆ ತಿರುಗಿದಾಗ ವರ್ಲಿನ್‌ನ ಅಂಗಡಿಯ ಗಾಜು ಕಂಡಿತು. ಮೂರು ವರ್ಷದಿಂದ ಊರಿನ ಎದೆಯ ಮೇಲೆ ಖಾಲಿ ಬಿದ್ದಿರುವ, ಎಲ್ಲರೂ ನಿಂತು ನೋಡಿ ಮುಂದೆ ಹೋಗುವ ಅಂಗಡಿ. ಆರ್ಡಿಸ್ ಕೂತಲ್ಲೇ ಗಂಡನ ಕಡೆ ತಿರುಗಿದಳು.

"ಲೊವೆಲ್, ವರ್ಲಿನ್ ಎಲ್ಲಿರ್ತಾನೆ ಈಗ?"

ಚಳಿಗಾಲದಲ್ಲಿ ಅವನು ಎಲ್ಲಿರುತ್ತಾನೆಂದು ಕೇಳಬೇಕೇ. ಲೊವೆಲ್ ಗಾಡಿಯನ್ನು ಕೆರೆಯ ಕಡೆ ತಿರುಗಿಸಿದ. ದಡ ದಾಟಿ ಮಂಜುಗಡ್ಡೆಯ ಮೇಲೇ ಓಡಿಸಿಕೊಂಡು, ಮೀನಿಗೆ ಗಾಳ ಹಾಕುವವರು ಅಲ್ಲಿ ಕಟ್ಟಿಕೊಂಡ ಸಾಲು ಗುಡಿಸಲುಗಳ ನಡುವೆ ಹಸಿರು ಬಣ್ಣದ್ದರ ಮುಂದೆ ನಿಲ್ಲಿಸಿದ. ಸೂರ್ಯ ಆಗಲೇ ಇಳಿಮುಖವಾಗಿದ್ದ.

ಒಳಗೆ ಸಣ್ಣ ಒಲೆ ಉರಿಯುತ್ತಿತ್ತು. ವರ್ಲಿನ್ ಮಂಜುಗಡ್ಡೆಯ ತೂತಿಗೆ ಗಾಳ ಬಿಟ್ಟು ಬಕೆಟ್ಟಿನ ಮೇಲೆ ಕೂತಿದ್ದ, ಫೋನು ತೊಡೆಯ ಮೇಲಿತ್ತು. ಬನ್ನಿ ಬನ್ನಿ, ಕಾಫಿ ಕುಡಿಯಿರಿ ಅಂದ. ನಮ್ಮೂರಿನ ಕ್ರಮದಂತೆ ಎರಡು ಸಲ ಬೇಡ ಅನ್ನಬೇಕು, ಆಮೇಲೆ ಚಳಿಯ ಮಾತು, ಆಮೇಲೆ ಮೀನಿನ ಮಾತು. ಅಷ್ಟು ಹೊತ್ತಿಗೆ ಶುಕ್ರವಾರ ಮುಳುಗಿಹೋಗುತ್ತದೆ. ಆರ್ಡಿಸ್ ಕೋಟಿನ ಗುಂಡಿ ಹಿಡಿದುಕೊಂಡಳು. ಮದುವೆಯ ದಿನವೂ ಅವಳಿಗೆ ಇಷ್ಟು ಹೆದರಿಕೆಯಾಗಿರಲಿಲ್ಲ.

"ಫೋನ್ ಮಾಡಿದ್ಯಾ ಅವರಿಗೆ?"

"ಇನ್ನೂ ಇಲ್ಲ."

"ವರ್ಲಿನ್, ಆ ಅಂಗಡಿ ನಂಗೆ ಬೇಕು."

ಲೊವೆಲ್ ತನ್ನ ಬೂಟು ನೋಡತೊಡಗಿದ. ವರ್ಲಿನ್ ಗಾಳದ ಕಡ್ಡಿಯನ್ನು ಮೆಲ್ಲಗೆ ಕೆಳಗಿಟ್ಟ.

"ಯಾರಾದ್ರೂ ಆ ಮಾತು ಅನ್ನಲಿ ಅಂತ ಮೂರು ವರ್ಷದಿಂದ ಕಾಯ್ತಾ ಇದೀನಿ ಕಣಮ್ಮ," ಅಂದ. "ಬಂದೋರೆಲ್ಲ ಒಳ್ಳೆ ಜಾಗ, ಒಳ್ಳೆ ಜಾಗ ಅಂದ್ರು. ಬೇರೆ ಯಾರಿಗಾದ್ರೂ ಬೇಕೇನೋ ಕೇಳಿ ನೋಡು ಅಂದ್ರು. ನೀನೂ ಮೊನ್ನೆ ಹಾಗೇ ಅಂದೆ."

"ನೀನೇ ಬಾಯಿಬಿಟ್ಟು, ತಗೋ ಅನ್ನಬಹುದಿತ್ತಲ್ಲ."

"ಒತ್ತಾಯ ಮಾಡಿದ ಹಾಗಾಗಲ್ವಾ?"

ಆರ್ಡಿಸ್‌ಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ವರ್ಲಿನ್ ಫೋನು ತೆಗೆದು, ಜಾಗ ಕೊಟ್ಟಾಯಿತು, ತಪ್ಪು ತಿಳಿಯಬೇಡಿ ಎಂದು ಕಂಪನಿಯವರಿಗೆ ಹೇಳಿ, ಅವರಲ್ಲಿ ಮೂರು ಸಲ ಕ್ಷಮೆ ಕೇಳಿ ಇಟ್ಟ. ಆಮೇಲೆ ಸಂಭ್ರಮಕ್ಕೆ ಏನಾದರೂ ಬಾಯಿಗೆ ಹಾಕಿಕೊಳ್ಳಬೇಕೆಂದು ಒಲೆಯ ಮೇಲಿನ ಬಾಣಲಿಯನ್ನು ಮುಂದೆ ಮಾಡಿದ. ಅವತ್ತೇ ಹಿಡಿದು ಬೆಣ್ಣೆಯಲ್ಲಿ ಕರಿದ ಮೀನು, ಮಧ್ಯಾಹ್ನವೆಲ್ಲ ತಿಂದು ಒಂದೇ ಒಂದು ತುಂಡು ಉಳಿದಿತ್ತು. ಅಂಚೆಲ್ಲ ಹೊಂಬಣ್ಣಕ್ಕೆ ತಿರುಗಿತ್ತು. ಬಾಣಲಿ ಮೂವರ ನಡುವೆ ನಿಂತಿತು. ಆರ್ಡಿಸ್ ಗ್ಲೌಸು ಕಳಚಿ, ಕೈಹಾಕಿ ಎತ್ತಿ, ಅರ್ಧ ಮಾಡದೆ, ಯಾರ ಮುಖವನ್ನೂ ನೋಡದೆ ತಿಂದಳು.

ಲೊವೆಲ್ ಟೋಪಿ ತೆಗೆದ, ತಲೆ ಕೆರೆದುಕೊಂಡ, ಖಾಲಿ ಬಾಣಲಿಯನ್ನೇ ನೋಡಿದ.

"ನಂಗೂ ಬೇಕಿತ್ತು," ಅಂದ.

ಅರವತ್ತು ದಾಟಿದ ತನ್ನ ಗಂಡನ ಬಾಯಲ್ಲಿ ಆ ಮಾತನ್ನು ಆರ್ಡಿಸ್ ಅಂದೇ ಮೊದಲು ಕೇಳಿದ್ದು. ವರ್ಲಿನ್ ಬಕೆಟ್ಟಿನಿಂದ ಇನ್ನೊಂದು ಮೀನು ತೆಗೆದು ಒಲೆಯ ಮೇಲಿಟ್ಟ.