ಟೈಪಿಂಗ್ ಮೇಡಂ ಕೊಟ್ಟ ಹಾಳೆ

ನಮ್ಮ ಟೈಪಿಂಗ್ ಮೇಡಂ ಅವರ ಬಲಗೈ ತೋರುಬೆರಳಿನ ಉಗುರ ಸಂದಿಯಲ್ಲಿ ಸದಾ ರಿಬ್ಬನ್ನಿನ ಕಪ್ಪು ಮಸಿ ಇರುತ್ತಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದು. ಅದೇ ಬೆರಳಿನಿಂದ ಜಾರುವ ಕನ್ನಡಕ ಏರಿಸಿಕೊಂಡು, ಮೂಗಿಗೂ ಒಂದಿಷ್ಟು ಮಸಿ ಹಚ್ಚಿಕೊಂಡು ಪಾಠ ಹೇಳುತ್ತಿದ್ದರು. ಅದನ್ನು ಅವರಿಗೆ ತಿಳಿಸುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಹೊನ್ನಾಳಿಯಲ್ಲಿ ಅವರ ಟೈಪಿಂಗ್ ಶಾಲೆ. ಹಿಂದುಗಡೆ ಮನೆ; ಮನೆಯಲ್ಲಿ ಅವರು ಮತ್ತು ಅವರ ಅಕ್ಕ, ಇಬ್ಬರೇ. ಪಿಯುಸಿ ಫೇಲಾಗಿ ಬಂದ ನನಗೆ ಕೀ ನೋಡದೆ ಹೊಡೆಯುವುದನ್ನು ಕಲಿಸಲು ಅವರಿಗೆ ಎಂಟು ತಿಂಗಳು ಹಿಡಿಯಿತು. ಒಂದು ದಿನವೂ ದಡ್ಡ ಅನ್ನಲಿಲ್ಲ. ಇವತ್ತು ನ್ಯಾಮತಿಯಲ್ಲಿ ನಾನು ನಡೆಸುತ್ತಿರುವ ಡಿಟಿಪಿ ಅಂಗಡಿ ಆ ಎಂಟು ತಿಂಗಳ ಮೇಲೆ ನಿಂತಿದೆ.

ಟೈಪಿಂಗ್ ಕಲಿಯುವವರು ಕಡಿಮೆಯಾದಾಗ ಮೇಡಂ ನಾಲ್ಕು ಹಳೆಯ ಕಂಪ್ಯೂಟರ್ ತಂದು, ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶ ಹಾಕಿಸಿದರು. "ತಪ್ಪಿದ್ರೆ ನಾವೇ ಬರೆದು ಹೇಳಬಹುದಂತೆ ಕಣೋ, ಅವರು ತಿದ್ತಾರಂತೆ!" ಎಂದು ಅವರು ಹಿಗ್ಗಿದ್ದು ನೆನಪಿದೆ. ಆಮೇಲೆ ತಿಂಗಳಿಗೊಂದು ಭಾನುವಾರ ನಾವು ಅಲ್ಲಿ ಸೇರತೊಡಗಿದೆವು. ನಾನು, ತ್ಯಾವಣಿಗೆಯ ಒಬ್ಬ ಮೀಟರ್ ರೀಡರ್, ಜಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಮೇಷ್ಟ್ರು. ಆ ತಂತ್ರಾಂಶ ಪರದೆಯ ಮೇಲೆ ತೋರಿಸುವ ಇಂಗ್ಲಿಷ್ ಮಾತುಗಳನ್ನು ಕನ್ನಡಕ್ಕೆ ತರುವುದು ನಮ್ಮ ಕೆಲಸ.

ಒಮ್ಮೆ ಮೇಷ್ಟ್ರು "ಗುಪ್ತಪದ ಅಮಾನ್ಯವಾಗಿದೆ" ಎಂದು ಬರೆದರು. ಮೇಡಂ ಅದನ್ನು ಎರಡು ಸಲ ಓದಿದರು.

"ಮೇಷ್ಟ್ರೇ, ಸಾಸ್ವೆಹಳ್ಳಿ ಸಂತೆಗೆ ಬರೋ ಹೆಣ್ಮಗಳು ಇದನ್ನ ಓದಿದ್ರೆ ಹೆಂಗೆ ತಿಳೀಬೇಕು? ಪಾಸ್‌ವರ್ಡ್ ತಪ್ಪೈತೆ ಅಂತ ಬರೀರಿ."

"ಅದು ಗ್ರಂಥಸ್ಥ ಕನ್ನಡ ಅಲ್ಲ ಮೇಡಂ."

"ಇರ್ಲಿ ಬಿಡ್ರಿ. ತಿಳಿಯೋ ಕನ್ನಡ ಹೌದೋ ಅಲ್ವೋ?"

ಕೊನೆಗೆ "ಪಾಸ್‌ವರ್ಡ್ ತಪ್ಪಾಗಿದೆ" ಎಂದಾಯಿತು.

ಅದಾಗಿ ಮೂರು ವರ್ಷಕ್ಕೆ ಅವರ ಕಣ್ಣು ಮಂಜಾಯಿತು. ಒಳಗಿನ ಒತ್ತಡದಿಂದ ನರ ಸತ್ತಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ವರ್ಷ ತುಂಬುವುದರೊಳಗೆ ಪೂರ್ತಿ ಕತ್ತಲೆ. ಮೇಡಂ ಅತ್ತಿದ್ದನ್ನು ನಾನು ನೋಡಲಿಲ್ಲ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಮುಕ್ತ ತಂತ್ರಾಂಶವೊಂದನ್ನು ನನ್ನಿಂದಲೇ ಹಾಕಿಸಿಕೊಂಡರು. ಆದರೆ ಅದರಲ್ಲೊಂದು ದೋಷವಿತ್ತು. ಕನ್ನಡದ ಸಾಲಿನ ನಡುವೆ ಇಂಗ್ಲಿಷ್ ಅಕ್ಷರವೋ ಅಂಕಿಯೋ ಬಂದರೆ ಮುಂದಿನದನ್ನೆಲ್ಲ ನುಂಗಿಬಿಡುತ್ತಿತ್ತು. ಈಗ ಬರುವ ಮೆಸೇಜುಗಳೆಲ್ಲ ಹಾಗೇ ಬೆರಕೆ ತಾನೆ? ಅವರಿಗೆ ಅರ್ಧ ಲೋಕ ಕೇಳಿಸುತ್ತಲೇ ಇರಲಿಲ್ಲ.

"ಅದನ್ನ ಮಾಡಿದೋರಿಗೆ ಒಂದು ದೂರು ಬರಿಯಪ್ಪ. ಉದಾಹರಣೆ ನಾನು ಹೇಳ್ತೀನಿ," ಎಂದರು.

"ಮುಂದಿನ ಭಾನುವಾರ ಕೂತು ಬರೆಯೋಣ ಮೇಡಂ," ಎಂದೆ.

ಆ ಭಾನುವಾರ ಬರಲೇ ಇಲ್ಲ. ಮೇಷ್ಟ್ರಿಗೆ ವರ್ಗವಾಗಿತ್ತು, ಮೀಟರ್ ರೀಡರ್ ಬರುವುದನ್ನು ನಿಲ್ಲಿಸಿದ್ದ. ನನ್ನ ಅಂಗಡಿಯಲ್ಲಿ ಅರ್ಜಿ ತುಂಬಿಸುವವರ ಸಾಲು. ಹೊನ್ನಾಳಿ ಇಲ್ಲೇ ಇದೆ, ಹೋಗಬಹುದಿತ್ತು. ಹೋಗಲಿಲ್ಲ. ಆರೇಳು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಹೋದವನು ಅವರ ಮನೆಗೂ ಹಣಕಿದೆ. ಮೇಡಂ ಮಡಿಚಿದ ಹಾಳೆಯೊಂದನ್ನು ಕೈಗಿತ್ತರು. ಹಳೆಯ ಕನ್ನಡ ಟೈಪ್‌ರೈಟರ್ ಯಂತ್ರದಲ್ಲಿ ತಾವೇ ಹೊಡೆದ ದೂರಂತೆ.

"ನಿನಗೆ ಬರಾಕೆ ಪುರುಸೊತ್ತಿಲ್ಲ. ಇದನ್ನ ಕಳಿಸಿಬಿಡು, ಸಾಕು."

ಅಂಗಡಿಗೆ ಬಂದು ಆ ಹಾಳೆಯನ್ನು ಡ್ರಾಯರಿಗೆ ಹಾಕಿದೆ. ಬಿಚ್ಚಿಯೂ ನೋಡಲಿಲ್ಲ.

ಐದು ವಾರಕ್ಕೆ ಸುದ್ದಿ ಬಂತು. ಬೆಳಿಗ್ಗೆ ಎದೆನೋವು ಎಂದ ಮೇಡಂ ಆಸ್ಪತ್ರೆ ಮುಟ್ಟಲಿಲ್ಲವಂತೆ. ಮಣ್ಣು ಮುಗಿಸಿ ಬಂದ ಮರುದಿನ ಹಾಳೆ ಬಿಚ್ಚಿದೆ. ಮೊದಲ ಎಂಟು ಸಾಲು ಅಚ್ಚುಕಟ್ಟಾಗಿದ್ದವು. ಅದರ ಕೆಳಗಿನದು ಯಾವ ಭಾಷೆಯೂ ಅಲ್ಲ, ಬರೀ ಕಲಸಿದ ಅಕ್ಷರ. ಬುದ್ಧಿಗೂ ಮಂಕು ಕವಿದಿತ್ತೇ ಎಂದುಕೊಂಡು, ಅವರ ಅಕ್ಕನನ್ನು ಮಾತಾಡಿಸಲು ಹೋದಾಗ ಹಾಳೆ ತೋರಿಸಿ ಕೇಳಿದೆ.

"ಬುದ್ಧಿಗೆ ಏನೂ ಆಗಿರ್ಲಿಲ್ಲಪ್ಪ," ಎಂದರು ಅಕ್ಕ. "ಟೈಪ್ ಮಾಡ್ತಾ ಕೂತಿದ್ಲು, ಹಾಲಿನೋನು ಕೂಗಿದ. ನಾನು ಬಚ್ಚಲಲ್ಲಿದ್ದೆ. ಗೋಡೆ ಹಿಡ್ಕೊಂಡು ಹೋಗಿ ಹಾಲು ಇಸ್ಕೊಂಡು ಬಂದು ಮತ್ತೆ ಕೂತ್ಲು."

ನನಗೆ ಹೊಳೆಯಿತು. ಮತ್ತೆ ಕೂತಾಗ ಕೈ ಒಂದು ಕೀ ಬಲಕ್ಕೆ ಇಳಿದಿದೆ. ಕಣ್ಣಿಲ್ಲ, ಓದಿ ಹೇಳುವ ದನಿಯೂ ಆ ಯಂತ್ರಕ್ಕಿಲ್ಲ. ಸಾವಿರಾರು ಜನರ ಬೆರಳು ತಿದ್ದಿದವರಿಗೆ ತಮ್ಮದು ತಪ್ಪಿದ್ದು ಗೊತ್ತೇ ಆಗಲಿಲ್ಲ.

ಅದೇ ಯಂತ್ರದ ಮುಂದೆ ಕೂತು, ಪ್ರತಿ ಅಕ್ಷರಕ್ಕೂ ಒಂದು ಕೀ ಎಡಕ್ಕೆ ಸರಿದು ಬರೆದುಕೊಂಡೆ. ಎಲ್ಲ ಸರಿಯಾಗಿತ್ತು, ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಉದಾಹರಣೆಗಳೆಲ್ಲ ಅವರ ದಿನದಿನದ ಮಾತುಗಳೇ. "ಅಕ್ಕನ ಮಾತ್ರೆ 2 ಹೊತ್ತು." "ಬಸ್ಸು 9ಕ್ಕೆ ಬಿಡುತ್ತದೆ." ಕೊನೆಯದು: "ಭಾನುವಾರ 11 ಗಂಟೆಗೆ ಬರುತ್ತೀಯಾ? ಬಾಗಿಲು ತೆಗೆದಿರುತ್ತೇನೆ."

ಅವತ್ತೇ ದೂರು ಕಳಿಸಿದೆ. ಕಳಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ.

ಮೂರನೇ ವಾರ, ಎಲ್ಲಿಯವರೋ ಗೊತ್ತಿಲ್ಲದ ಒಬ್ಬರು ಉತ್ತರ ಬರೆದರು. ಉದಾಹರಣೆಗಳು ಬಹಳ ಸ್ಪಷ್ಟವಾಗಿದ್ದವು, ದೋಷ ಸರಿಮಾಡಿದ್ದೇವೆ, ಪರೀಕ್ಷಿಸಿ ತಿಳಿಸಿ ಎಂದಿತ್ತು. ಹೊಸದನ್ನು ಹಾಕಿ ಅಂಗಡಿಯಲ್ಲಿ ಕೇಳಿದೆ. ಎಲ್ಲ ಸಾಲುಗಳನ್ನೂ ಪೂರ್ತಿ ಓದಿತು. ಸರಿಯಾಗಿದೆ ಎಂದು ಬರೆದೆ. ನೆರವಾದವರ ಪಟ್ಟಿಗೆ ಯಾರ ಹೆಸರು ಸೇರಿಸಬೇಕು ಎಂದು ಕೇಳಿದರು. ಮೇಡಂ ಹೆಸರು ಕೊಟ್ಟೆ. ತಡ ಮಾಡಿದವನ ಹೆಸರನ್ನು ಯಾರೂ ಕೇಳಲಿಲ್ಲ.