ಅರವತ್ತು ದಾಟಿದವರಿಗೆ ವೀಸಾ ಇಲ್ಲ

ಬೆಲೀಜ್ ಅನ್ನುವ ದೇಶದ ಆಸೆಯನ್ನು ಚಿಕ್ಕವ್ವನ ತಲೆಯಲ್ಲಿ ಬಿತ್ತಿದವಳು ನಾನೇ. ಆಮೇಲೆ ಅದನ್ನು ಕಿತ್ತು ಹಾಕಲು ಸುಳ್ಳು ಹೇಳಿದವಳೂ ನಾನೇ.

ನಾನು ಮದ್ದೂರಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮನೆ ಮಂಡ್ಯದಲ್ಲಿ. ಚಿಕ್ಕವ್ವ ನನ್ನ ಅಮ್ಮನ ತಂಗಿ. ಮಳವಳ್ಳಿಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡು ಮೂವತ್ತು ವರ್ಷದ ಮೇಲಾಯಿತು. ಮದುವೆಯಾಗಲಿಲ್ಲ. ಆಗಲಿಲ್ಲವಲ್ಲ ಎಂದು ಅವಳು ಕೊರಗಿದ್ದನ್ನು ನಾನು ನೋಡಿಲ್ಲ.

ನನಗೂ ಕಾಲೇಜು ಹಾಸ್ಟೆಲಿನ ನನ್ನ ಇಬ್ಬರು ಗೆಳತಿಯರಿಗೂ ಒಂದೇ ವರ್ಷ ಐವತ್ತು ತುಂಬುವುದಿತ್ತು. ಎಲ್ಲಿಗಾದರೂ ದೂರ ಹೋಗೋಣ ಎಂದು ಮಾತಾಡಿಕೊಂಡಿದ್ದೆವು. ಒಬ್ಬಳ ಅಣ್ಣ ಬೆಲೀಜಿನ ವೈದ್ಯಕೀಯ ಕಾಲೇಜೊಂದರಲ್ಲಿ ಮೇಷ್ಟ್ರು. ಉಳಿಯಲು ಮನೆಯಿದೆ, ಜನ ಇಂಗ್ಲಿಷ್ ಮಾತಾಡುತ್ತಾರೆ, ಸಮುದ್ರ ಚೆಂದ ಎಂದು ಅವಳು ದಿನವೂ ಫೋಟೋ ಕಳಿಸುತ್ತಿದ್ದಳು. ಒಂದು ಭಾನುವಾರ ನಾನು ಚಿಕ್ಕವ್ವನ ಅಂಗಡಿಯಲ್ಲಿ ಕೂತಿದ್ದಾಗ ಬಂದ ಫೋಟೋದಲ್ಲಿ ಸಮುದ್ರವಿರಲಿಲ್ಲ. ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬು ತುಂಬಿದ ಲಾರಿಗಳು ಸಾಲುಗಟ್ಟಿ ನಿಂತಿದ್ದವು.

ಚಿಕ್ಕವ್ವ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. "ಇದು ನಮ್ ಕೊತ್ತತ್ತಿ ಕಡೆ ಗಾಡಿಗಳಲ್ವೇನಮ್ಮಿ?"

"ಅಲ್ಲ ಚಿಕ್ಕವ್ವ, ಇದು ಅಮೆರಿಕಾದ ಹತ್ರ ಒಂದು ಪುಟ್ಟ ದೇಶ. ನಮ್ಮ ಜಿಲ್ಲೆಯಲ್ಲಿ ಇರೋದರ ಕಾಲು ಭಾಗ ಜನಾನೂ ಅಲ್ಲಿಲ್ಲ."

"ಅಲ್ಲೂ ಇಂಗೇ ಸಾಲ್ನಲ್ಲಿ ಕಾಯ್ತಾರಾ?"

"ಕಾಯ್ತಾರಂತೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಜನರನ್ನೇ ಕಬ್ಬು ಕಡಿಯೋಕೆ ಅಂತ ಹಡಗಲ್ಲಿ ಕರ್ಕೊಂಡು ಹೋಗಿದ್ರು. ಅವರ ಮೊಮ್ಮಕ್ಕಳು ಮರಿಮಕ್ಕಳು ಇನ್ನೂ ಇದ್ದಾರೆ. ನಮ್ಮ ಮಾತು ಒಂದೂ ಬರಲ್ಲ."

ಅವಳು ಫೋಟೋವನ್ನು ಇನ್ನೊಮ್ಮೆ ನೋಡಿದಳು. "ಮಾತ್ ಮರ್ತ್ರೂ ಕಬ್ಬು ಮರ್ತಿಲ್ವಲ್ಲ, ಪಾಪ" ಎಂದಳು. ಆಮೇಲೆ, "ನನ್ನೂ ಕರ್ಕಂಡೋಗು. ಅವ್ರ ಮಕ ನೋಡ್ಬೇಕು" ಎಂದಳು.

"ಬಾ, ಅದಕ್ಕೇನು" ಎಂದೆ. ದಾರಿಯಲ್ಲಿ ಸಿಕ್ಕವರನ್ನು ಮನೆಗೆ ಕರೆದಂತೆ, ಅಷ್ಟು ಹಗುರವಾಗಿ.

ನಾನು ಮರೆತೆ. ಅವಳು ಮರೆಯಲಿಲ್ಲ. ಯಾರನ್ನೋ ಕೇಳಿ, ಅರ್ಜಿ ಹಾಕಿಸಿ, ಮಂಡ್ಯದ ಪಾಸ್‌ಪೋರ್ಟ್ ಕಚೇರಿಗೆ ಒಬ್ಬಳೇ ಬಂದು ಹೋದಳು. ಸೂಜಿ ಹಿಡಿದು ಸವೆದ ಬೆರಳುಗಳ ಗುರುತು ಯಂತ್ರಕ್ಕೆ ಸಿಗದೆ ನಾಲ್ಕು ಸಲ ಒತ್ತಿಸಿಕೊಂಡರಂತೆ. ಪೊಲೀಸರು ವಿಚಾರಣೆಗೆ ಬಂದಾಗ ಬೀದಿಯೆಲ್ಲ ಸೇರಿತ್ತು. ಪಾಸ್‌ಪೋರ್ಟ್ ಕೈಗೆ ಬಂದ ದಿನ ನನಗೆ ಫೋನ್ ಮಾಡಿ, "ನಂದು ಬಂತು ಕಣಮ್ಮಿ, ಇನ್ನು ನಿನ್ನದೇ ತಡ" ಎಂದಳು.

ಅವಳನ್ನು ಕರೆದದ್ದು ನನಗೆ ನೆನಪಾದದ್ದೇ ಆಗ. ಆ ವಾರ ಗೆಳತಿಯರ ಜೊತೆ ವಿಡಿಯೋ ಕರೆಯಲ್ಲಿ ವಿಷಯ ತೆಗೆದೆ. "ನಿನ್ನ ಚಿಕ್ಕಮ್ಮನಾ? ವಿಮಾನದಲ್ಲಿ ಎಲೆ ಅಡಿಕೆ ಹಾಕ್ಕೊಂಡು ಎಲ್ಲಿ ಉಗೀತಾರೆ?" ಎಂದಳು ಒಬ್ಬಳು. ಇಬ್ಬರೂ ನಕ್ಕರು. ನಾನೂ ನಕ್ಕೆ. ಅವರಿಗಿಂತ ಜೋರಾಗಿಯೇ ನಕ್ಕೆನೇನೋ. ನನಗೆ ಹಾಲು ಅನ್ನ ಕಲಸಿ ಉಣಿಸಿದವಳನ್ನು, ಶಾಲೆ ಸೇರುವ ಮೊದಲು ಅ ಆ ಇ ಈ ಬರೆಸಿದವಳನ್ನು ನೆನೆಸಿಕೊಂಡು ನಕ್ಕಿದ್ದೆ.

ಮುಂದಿನ ಭಾನುವಾರ ಮಳವಳ್ಳಿಗೆ ಹೋದೆ. ನಿಜ ಹೇಳಬೇಕೆಂದೇ ಬಸ್ಸು ಹತ್ತಿದ್ದೆ. ಅಂಗಡಿಯಲ್ಲಿ ಅವಳು ತನ್ನ ಒಳಲಂಗಕ್ಕೆ ಪಾಸ್‌ಪೋರ್ಟ್ ಹಿಡಿಯುವಷ್ಟು ಅಗಲದ ಜೇಬು ಹೊಲಿಯುತ್ತಿದ್ದಳು. ನನಗೂ ಅಂಥದೇ ಜೇಬಿನ ಲಂಗವೊಂದನ್ನು ಹೊಲಿದಿಟ್ಟಿದ್ದಳು. ಅದನ್ನು ನೋಡಿದ ಮೇಲೆ ನಿಜ ಬಾಯಿಗೆ ಬರಲಿಲ್ಲ.

"ಚಿಕ್ಕವ್ವ, ವಿಚಾರಿಸಿದೆ. ಅರವತ್ತು ದಾಟಿದವರಿಗೆ ಆ ದೇಶದವರು ವೀಸಾ ಕೊಡಲ್ವಂತೆ."

ಅವಳಿಗಾಗ ಅರವತ್ತೆರಡು. ಮಿಷನ್ನಿನ ಪೆಡಲ್ ನಿಂತಿತು. "ಯಾಕಂತೆ?"

"ಗೊತ್ತಿಲ್ಲ. ಕಾನೂನಂತೆ."

"ಅದ್ಯಾವ್ ಸೀಮೆ ಕಾನೂನು? ವಯಸ್ಸಾದೋರು ಅವ್ರಿಗೇನ್ ಮಾಡ್ಬುಟ್ರು?" ಎಂದು ಬೈದಳು. ಆಮೇಲೆ ನನ್ನನ್ನೇ ಸಮಾಧಾನ ಮಾಡಿದಳು. "ಓಗ್ಲಿ ಬುಡು, ನೀ ಓಗಿ ಬಾ. ಬೇಜಾರ್ ಮಾಡ್ಕಬೇಡ." ನನಗೆ ಹೊಲಿದ ಲಂಗವನ್ನು ಮಡಿಸಿ ಚೀಲಕ್ಕೆ ಹಾಕಿಕೊಟ್ಟಳು. ನಾನು ತಗೊಂಡು ಬಂದೆ.

ತಿಂಗಳು ಕಳೆದಿರಬೇಕು. ಶಾಲೆಯಲ್ಲಿ ಮಧ್ಯಾಹ್ನದ ಊಟದ ಹೊತ್ತು. ಗೇಟಿನ ಹತ್ತಿರ ಚಿಕ್ಕವ್ವ ನಿಂತಿದ್ದಾಳೆಂದು ಜವಾನ ಬಂದು ಹೇಳಿದ. ಹೋದೆ. ಲೈನಿಂಗ್ ಬಟ್ಟೆ ತರಲು ಮಂಡ್ಯಕ್ಕೆ ಹೋಗಿದ್ದವಳು ಅಲ್ಲಿನ ಒಂದು ಪ್ರವಾಸದ ಆಫೀಸಿನ ಒಳಗೆ ಹೊಕ್ಕಿದ್ದಳು. ಅರವತ್ತರ ಮೇಲಿನವರನ್ನು ಬಿಡುವ ದೇಶ ಯಾವ್ಯಾವುದಿದೆ ಎಂದು ಕೇಳಲು. ಅಂಥ ಕಾನೂನು ಎಲ್ಲೂ ಇಲ್ಲ, ಎಪ್ಪತ್ತೈದರವರೂ ಹೋಗುತ್ತಾರೆ ಎಂದು ಅಲ್ಲಿನ ಹುಡುಗಿ ಕಂಪ್ಯೂಟರಿನಲ್ಲಿ ತೋರಿಸಿದ್ದಳು.

ಚಿಕ್ಕವ್ವ ದನಿ ಏರಿಸಲಿಲ್ಲ. "ಕರ್ಕಂಡೋಗಾಕೆ ಆಗಕಿಲ್ಲ ಅಂದಿದ್ರೆ ನಾನೇನ್ ನಿನ್ ಸೆರಗ್ ಇಡ್ಕತಿದ್ನಾ? ಬಾಯ್ ಬುಟ್ಟು ಯೋಳ್ಬೇಕಿತ್ತು. ಆ ದೇಸದ ಮೇಲಾಕ್ದೆ. ನಾನು ಬೀದಿ ತುಂಬ ಆ ದೇಸ್ವ ಬಯ್ಕಂಡ್ ತಿರುಗ್ದೆ. ಆ ಜನ ನಂಗೇನ್ ಅನ್ಯಾಯ ಮಾಡಿದ್ರಮ್ಮಿ?"

"ತಪ್ಪಾಯ್ತು ಚಿಕ್ಕವ್ವ. ಬಾ, ಜೊತೆಗೇ ಹೋಗೋಣ. ಇವತ್ತೇ ಅರ್ಜಿ ಹಾಕ್ತೀನಿ."

"ಈಗ ಬ್ಯಾಡ. ಈಗ್ ಬಂದ್ರೆ ದಾರಿ ಉದ್ದಕ್ಕೂ ನೀನು ನನ್ ಮಕ ನೋಡ್ಕಂಡು ಅಳೂ ಅಂಗಿರ್ತೀಯ. ನಿಂಗೂ ಸುಖ ಇಲ್ಲ, ನಂಗೂ ಇಲ್ಲ." ಊಟ ಆಯಿತಾ ಎಂದು ಕೇಳಿದಳು. ಆಯಿತೆಂದೆ. ಆಗಿರಲಿಲ್ಲ. ಮಳವಳ್ಳಿ ಬಸ್ಸಿಗೆ ಹೊತ್ತಾಯಿತು ಎಂದು ಹೊರಟಳು.

ಆ ಸಂಜೆ ಗೆಳತಿಯರಿಗೆ ಎಲ್ಲ ಹೇಳಿದೆ. "ಅಯ್ಯೋ, ನಾವು ತಮಾಷೆಗೆ ಅಂದದ್ದು ಕಣೇ. ಕರ್ಕೊಂಡು ಬರಬೇಡ ಅಂತ ಯಾರು ಹೇಳಿದ್ರು?" ಎಂದರು. ನಿಜ. ಯಾರೂ ಹೇಳಿರಲಿಲ್ಲ. ಅವರ ಮೇಲೆ ಹಾಕಿ ಹಗುರಾಗೋಣವೆಂದರೆ ಅದಕ್ಕೂ ಜಾಗವಿರಲಿಲ್ಲ. ನಾಚಿಕೆ ಪಟ್ಟವಳು ನಾನೊಬ್ಬಳೇ.

ನಾನು ಹೋಗಲಿಲ್ಲ. ಅವರಿಬ್ಬರೇ ಹೋಗಿ ಬಂದರು. ಹೋಗದಿದ್ದದ್ದನ್ನು ಚಿಕ್ಕವ್ವನಿಗೆ ಹೇಳುವಾಗ ಅವಳ ಮನಸ್ಸು ಕರಗುತ್ತದೆಂದು ಒಳಗೊಳಗೇ ಕಾದಿದ್ದೆ. ಅವಳು ನಿಜವಾಗಿ ಸಿಟ್ಟಾದದ್ದು ಆಗಲೇ.

"ನನ್ ಎಸ್ರೇಳ್ಕಂಡು ನಿಂತ್ಕಂಡ್ಯಾ? ಅದ್ನೂ ತಂದು ನನ್ ತಲೆ ಮೇಲಾಕ್ದಾ?"

ಹೋಗದೆ ಉಳಿದದ್ದು ತ್ಯಾಗವೆಂದು ಅಷ್ಟು ದಿನ ನಂಬಿಕೊಂಡಿದ್ದೆ. ಅದೂ ಅವಳಿಂದ ಕ್ಷಮೆ ಗಿಟ್ಟಿಸುವ ಇನ್ನೊಂದು ಉಪಾಯವೇ ಆಗಿತ್ತು.

ಅಂಗಡಿಗೆ ಬರುವವರು ಕೆಲವರು ಈಗಲೂ ಕೇಳುತ್ತಾರೆ, ಆ ವಯಸ್ಸಾದವರನ್ನು ಬಿಡದ ದೇಶ ಏನಾಯಿತು ಅಂತ. ಒಮ್ಮೆ ನನ್ನ ಎದುರಿಗೇ ಪಕ್ಕದ ಮನೆಯಾಕೆ ಕೇಳಿದಳು. ಚಿಕ್ಕವ್ವ ಕತ್ತರಿಯಿಂದ ಕಣ್ಣೆತ್ತದೆ, "ಆ ಕಾನೂನು ತೆಗ್ದಾಕವ್ರೆ ಕಣಕ್ಕ" ಎಂದಳು. ನನ್ನ ಮಾನ ಉಳಿಸಲು ನನ್ನ ಸುಳ್ಳಿಗೆ ತಾನೊಂದು ಸುಳ್ಳು ಸೇರಿಸಿದಳು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಹೋದ ವರ್ಷ ಬಸರಾಳಿನ ಒಂದು ಮದುವೆಯಲ್ಲಿ ನೆಂಟರೊಬ್ಬರು, "ನಿಮ್ ಚಿಕ್ಕವ್ವ ಸಿಲೋನಿಗೆ ಓಗವ್ಳಲ್ಲ, ಯಾವಾಗ್ ಬತ್ತಾಳೆ?" ಎಂದು ಕೇಳಿದರು. ನನಗೆ ಗೊತ್ತೇ ಇರಲಿಲ್ಲ. ಮಳವಳ್ಳಿಯ ಹತ್ತು ಹನ್ನೆರಡು ಹೆಂಗಸರ ಜೊತೆ ಶ್ರೀಲಂಕಾಗೆ ಹೋಗಿದ್ದಳು. ಬಂದ ಮೇಲೆ ನೋಡಲು ಹೋದೆ. ಟೀ ತೋಟದಲ್ಲಿ ಎಲೆ ಕೀಳುವ ಹೆಂಗಸರ ಜೊತೆ ಹರಕು ಮುರುಕು ತಮಿಳಿನಲ್ಲಿ ಮಾತಾಡಿದ್ದನ್ನು ಗಂಟೆಗಟ್ಟಲೆ ಹೇಳಿದಳು. ಯಾಕೆ ನನಗೆ ಹೇಳಲಿಲ್ಲ ಎಂದು ಕೇಳುವ ಬಾಯಿ ನನಗಿರಲಿಲ್ಲ.

ಎದ್ದು ಹೊರಡುವಾಗ ಧೈರ್ಯ ಮಾಡಿದೆ. "ಚಿಕ್ಕವ್ವ, ಬೆಲೀಜಿಗೆ ನಾವಿಬ್ಬರೇ ಹೋಗೋಣ್ವಾ?"

ಅವಳು ನನ್ನನ್ನು ಚೆನ್ನಾಗಿ ನೋಡಿದಳು. "ಕರುಣೆಗಾ, ಇಲ್ಲ ಆಸೆಗಾ?"

"ಎರಡೂ ಇದೆ" ಎಂದೆ. ಈ ಸಲ ನಿಜವನ್ನೇ ಹೇಳಿದ್ದೆ.

"ಸರಿ ಬುಡು" ಎಂದಳು. "ಸಮುದ್ರ ಗಿಮುದ್ರ ಆಮ್ಯಾಕೆ. ಮೊದ್ಲು ಕಬ್ಬಿನ ಗದ್ದೆ."

ವೀಸಾಕ್ಕೆ ಅರ್ಜಿ ಹಾಕಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಎರಡು ದಿನಕ್ಕೊಮ್ಮೆ ಅವಳು ಫೋನ್ ಮಾಡಿ ಕೇಳುತ್ತಾಳೆ. ಏನೂ ತಿಳಿದಿಲ್ಲವೆಂದು ನಿಜವನ್ನೇ ಹೇಳುವಾಗಲೂ ನನ್ನ ದನಿ ತಗ್ಗುತ್ತದೆ. ಅವಳು ನಂಬಿದಳೋ ಇಲ್ಲವೋ ಎಂದು, ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತೇನೆ.